ಬೆಳಿಗ್ಗೆ ಕಡಲಿಗೆ ಮುಖ, ಸಂಜೆ ಕಡಲಿಗೆ ಬೆನ್ನು: ಹಾರುವ ಗರುಡನ ಫೋಟೋ ತೆಗೆಯಲು ಕಲಿಯುವವರಿಗೆ

"ಹೊಸ ಕ್ಯಾಮೆರಾ ತಗೊಂಡೆ. ಕಾರವಾರದ ಬೀಚಿಗೆ ಹೋದೆ. ಗರುಡ ತಲೆ ಮೇಲೇ ಹಾರಿತು. ಮನೆಗೆ ಬಂದು ನೋಡಿದರೆ ಬಿಳಿ ಆಕಾಶದಲ್ಲಿ ಒಂದು ಕಪ್ಪು ಆಕಾರ. ಏನು ತಪ್ಪಾಯಿತು?"

ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಕೇಳುವವರ ಕ್ಯಾಮೆರಾ ಬೇರೆ, ಊರು ಬೇರೆ. ತೊಂದರೆ ಮಾತ್ರ ಹೆಚ್ಚುಕಡಿಮೆ ಒಂದೇ. ಹಕ್ಕಿ ಕಪ್ಪಾಗಿದೆ, ಇಲ್ಲಾ ಮಸುಕಾಗಿದೆ, ಇಲ್ಲಾ ಫ್ರೇಮಿನಲ್ಲಿ ಬಾಲ ಮಾತ್ರ ಉಳಿದಿದೆ. ತುಂಬಾ ಜನ ಇದಕ್ಕೆ ಲೆನ್ಸನ್ನು ದೂರಿ, ಇನ್ನೂ ದುಬಾರಿ ಲೆನ್ಸ್ ಹುಡುಕಲು ಹೊರಡುತ್ತಾರೆ. ದಯವಿಟ್ಟು ಸ್ವಲ್ಪ ತಡೆಯಿರಿ. ಬಹಳಷ್ಟು ಸಲ ತಪ್ಪು ಲೆನ್ಸಿನದ್ದಲ್ಲ. ನೀವು ನಿಂತ ಜಾಗದ್ದು, ನಿಂತ ಹೊತ್ತಿನದ್ದು.

ನಮ್ಮ ಉತ್ತರ ಕನ್ನಡದ ಕರಾವಳಿಯಲ್ಲಿ ಇದನ್ನು ಕಲಿಯುವುದು ಸುಲಭ. ಬೇರೆ ಕಡೆ ಬೇಟೆ ಹಕ್ಕಿಗಾಗಿ ದಿನಗಟ್ಟಲೆ ಕಾಯಬೇಕು. ಇಲ್ಲಿ ಮೀನು ಇಳಿಸುವ ದಕ್ಕೆಗೆ ಹೋದರೆ ಸಾಕು, ಒಂದೇ ಬೆಳಿಗ್ಗೆ ಹತ್ತಾರು ಸಲ ಗರುಡ ಕಣ್ಣೆದುರು ಎರಗುತ್ತದೆ. ಕಲಿಯುವವರಿಗೆ ಬೇಕಾಗಿರುವುದು ಅದೇ ಅಲ್ವಾ? ಒಂದು ಸಲ ತಪ್ಪಿದರೆ ಐದು ನಿಮಿಷಕ್ಕೆ ಇನ್ನೊಂದು ಅವಕಾಶ.

ಏನೇನು ಬೇಕು

ಲೆನ್ಸ್ ಬದಲಾಯಿಸಬಹುದಾದ ಯಾವ ಕ್ಯಾಮೆರಾ ಇದ್ದರೂ ನಡೆಯುತ್ತದೆ, ಹತ್ತು ವರ್ಷ ಹಳೆಯದಾದರೂ ಸರಿ. ಲೆನ್ಸಿನ ಮಿ.ಮೀ. ಅಂಕಿ ಹೆಚ್ಚಿದಷ್ಟೂ ದೂರದ ಹಕ್ಕಿ ದೊಡ್ಡದಾಗಿ ಕಾಣುತ್ತದೆ. ಲೆನ್ಸ್ 300 ಮಿ.ಮೀ. ತನಕ ಹೋದರೆ ದಕ್ಕೆಯಲ್ಲಿ ಗರುಡನ ಫೋಟೋ ಸಿಗುತ್ತದೆ. 400 ಇದ್ದರೆ ಆರಾಮ. 150-600ರಂಥ ದೊಡ್ಡ ಜೂಮ್ ಒಳ್ಳೆಯದೇ, ಆದರೆ ಭಾರ. ಅರ್ಧ ಗಂಟೆ ಕೈಯಲ್ಲಿ ಹಿಡಿದರೆ ಭುಜ ನೋಯುತ್ತದೆ. ಕೈ ಸೋತ ಮೇಲೆ ಫೋಕಸ್ ಸರಿಯಾಗಿ ನಿಲ್ಲುವುದಿಲ್ಲ. ನಿಕಾನ್ ಪಿ900 ತರಹದ, ಲೆನ್ಸ್ ಬಿಚ್ಚಲು ಬಾರದ ದೊಡ್ಡ ಜೂಮ್ ಕ್ಯಾಮೆರಾ ಇರುವವರು ಕೂತ ಹಕ್ಕಿಯಿಂದ ಶುರು ಮಾಡಿ. ಹಾರುವ ಹಕ್ಕಿಗೆ ಅವುಗಳ ಫೋಕಸ್ ನಿಧಾನ. ಆಗುವುದೇ ಇಲ್ಲ ಎಂದಲ್ಲ, ತಾಳ್ಮೆ ಜಾಸ್ತಿ ಬೇಕು. ಮೊಬೈಲ್ ಮಾತ್ರ ಇದ್ದವರು ಈ ಕೆಲಸಕ್ಕೆ ಅದನ್ನು ನಂಬಬೇಡಿ.

ಟ್ರೈಪಾಡ್ ಬೇಡ. ಹಾರುವ ಹಕ್ಕಿಯ ಹಿಂದೆ ಕ್ಯಾಮೆರಾ ತಿರುಗಿಸುವಾಗ ಅದು ಅಡ್ಡ ಬರುತ್ತದೆ. ವೇಗವಾಗಿ ಬರೆಯುವ ಮೆಮೊರಿ ಕಾರ್ಡ್, ಹೆಚ್ಚುವರಿ ಬ್ಯಾಟರಿ, ಮೆತ್ತಗಿನ ಮೈಕ್ರೋಫೈಬರ್ ಬಟ್ಟೆ, ಒಂದು ಪ್ಲಾಸ್ಟಿಕ್ ಚೀಲ, ಟೋಪಿ, ನೀರು. ನೀವು ಹಾಕಿಕೊಳ್ಳುವ ಬಟ್ಟೆ ಮಣ್ಣು ಬಣ್ಣದ್ದೋ ಹಸಿರೋ ಇರಲಿ.

ಯಾವ ಹಕ್ಕಿ ಯಾವುದು

ಕ್ಯಾಮೆರಾ ಎತ್ತುವ ಮೊದಲು ನಾಲ್ಕು ಹಕ್ಕಿಗಳ ಗುರುತು ಸಿಗಬೇಕು. ಒಂದೊಂದೂ ಹಾರುವ ರೀತಿ ಬೇರೆ. ಹಾಗಾಗಿ ನೀವು ಕಾಯುವ ರೀತಿಯೂ ಬೇರೆ.

ಗರುಡ: ಬಿಳಿ ತಲೆ, ಬಿಳಿ ಎದೆ, ಉಳಿದ ಮೈ ಇಟ್ಟಿಗೆ ಕೆಂಪು. ಬಾಲದ ತುದಿ ದುಂಡಗೆ. ನೀರಿನ ಮೇಲೆ ತೇಲುವ ಮೀನನ್ನು ಕಾಲಿನಿಂದ ಎತ್ತಿಕೊಂಡು, ಹಾರುತ್ತಲೇ ಬಗ್ಗಿ ತಿನ್ನುತ್ತದೆ. ನಿಮ್ಮ ಮೊದಲ ಗುರು ಇದೇ.

ಹದ್ದು, ಅಂದರೆ ಊರಲ್ಲೆಲ್ಲ ಕಾಣುವ ಕಂದು ಹದ್ದು: ಬಾಲದ ತುದಿ ಕವಲೊಡೆದಿರುತ್ತದೆ. ಗರುಡನ ಮರಿ ಮೊದಲ ವರ್ಷ ಕಂದು ಬಣ್ಣದಲ್ಲೇ ಇರುವುದರಿಂದ ಹೊಸಬರು ಅದನ್ನೂ ಹದ್ದು ಎಂದುಕೊಳ್ಳುತ್ತಾರೆ. ಬಾಲ ನೋಡಿ. ದುಂಡಗಿದ್ದರೆ ಗರುಡ, ಕವಲಿದ್ದರೆ ಹದ್ದು.

ಬಿಳಿಹೊಟ್ಟೆಯ ಕಡಲ ಹದ್ದು: ಇದು ದೊಡ್ಡದು. ರೆಕ್ಕೆ ಬಿಚ್ಚಿದರೆ ಒಂದು ತುದಿಯಿಂದ ಇನ್ನೊಂದಕ್ಕೆ ಹತ್ತಿರ ಹತ್ತಿರ 2 ಮೀಟರ್. ತೇಲುವಾಗ ರೆಕ್ಕೆಗಳನ್ನು ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿಯುತ್ತದೆ. ಬಿಳಿ ಹೊಟ್ಟೆ, ಬೂದು ಬೆನ್ನು, ಚಿಕ್ಕ ಬಾಲ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಇವುಗಳ ನೆಲೆ.

ಮೀನು ಗಿಡುಗ: ಬೇರೆ ದೇಶಗಳಿಂದ ಚಳಿಗಾಲಕ್ಕೆ ಬರುವ ಅತಿಥಿ. ಕಣ್ಣಿನ ಮೇಲೆ ಕಪ್ಪು ಪಟ್ಟಿ. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತು, ಆಮೇಲೆ ಕಾಲು ಮುಂದೆ ಚಾಚಿ ಧುಮುಕುತ್ತದೆ. ಹಿಡಿದ ಮೀನನ್ನು ತಲೆ ಮುಂದೆ ಬರುವ ಹಾಗೆ ಉದ್ದಕ್ಕೆ ಹಿಡಿದುಕೊಂಡು ಹೋಗುತ್ತದೆ. ನೋಡಿದರೆ ಮರೆಯುವುದಿಲ್ಲ.

ಘಟ್ಟದ ಮೇಲೆ, ಶಿರಸಿ ಕಡೆ ಇರುವವರಿಗೆ ಇನ್ನೊಂದು ಹಕ್ಕಿ ಇದೆ: ಜುಟ್ಟಿನ ಹಾವುಗಿಡುಗ. ಕೂಗುತ್ತಾ ಕೂಗುತ್ತಾ ಸುತ್ತುವುದರಿಂದ ಕಾಣುವ ಮೊದಲೇ ಕೇಳಿಸುತ್ತದೆ. ಅದರ ವಿಷಯ ಮುಂದೆ ಹೇಳುತ್ತೇನೆ.

1. ಎಲ್ಲಿ ನಿಲ್ಲಬೇಕು, ಯಾವಾಗ ನಿಲ್ಲಬೇಕು

ಇಡೀ ಲೇಖನದಲ್ಲಿ ಒಂದೇ ಭಾಗ ಓದುವಷ್ಟು ಸಮಯ ಇದ್ದರೆ ಇದನ್ನು ಓದಿ.

ಹಕ್ಕಿ ಮೇಲೇಳುವಾಗಲೂ ಇಳಿಯುವಾಗಲೂ ಗಾಳಿಗೆ ಮುಖ ಕೊಡುತ್ತದೆ. ಎದುರು ಗಾಳಿ ಅದರ ರೆಕ್ಕೆಯನ್ನು ಎತ್ತಿ ಹಿಡಿಯುತ್ತದೆ. ಹಾಗಾಗಿ ನಿಮ್ಮ ಬೆನ್ನ ಹಿಂದಿನಿಂದ ಗಾಳಿ ಬೀಸುತ್ತಿದ್ದರೆ, ಮೀನಿಗೆ ಎರಗುವ ಗರುಡ ನಿಮಗೆ ಮುಖ ಮಾಡಿ ಬರುತ್ತದೆ. ನಿಮ್ಮ ಮುಖಕ್ಕೆ ಗಾಳಿ ಹೊಡೆಯುತ್ತಿದ್ದರೆ ನಿಮಗೆ ಸಿಗುವುದು ಬಾಲ. ಬೆಳಕಿನದ್ದೂ ಅದೇ ಲೆಕ್ಕ. ಸೂರ್ಯ ಬೆನ್ನ ಹಿಂದೆ ಇದ್ದರೆ ಹಕ್ಕಿಯ ಮುಖ, ಕಣ್ಣು, ಗರಿ ಎಲ್ಲಾ ಬೆಳಗುತ್ತದೆ. ಎದುರಿದ್ದರೆ ಕಪ್ಪು ಆಕಾರ.

ಈಗ ನಮ್ಮ ಕರಾವಳಿಯನ್ನು ನೆನಪಿಸಿಕೊಳ್ಳಿ. ಕಡಲು ಪಶ್ಚಿಮಕ್ಕಿದೆ. ಬೆಳಿಗ್ಗೆ ಸೂರ್ಯ ಘಟ್ಟದ ಕಡೆಯಿಂದ ಬರುತ್ತಾನೆ. ಚಳಿಗಾಲದ ಬೆಳಿಗ್ಗೆ ಗಾಳಿಯೂ ನೆಲದಿಂದ ಕಡಲಿಗೆ ಬೀಸುತ್ತದೆ, ಯಾಕೆಂದರೆ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ನೀರು ಬೇಗ ಆಗುವುದಿಲ್ಲ. ಅಂದರೆ ಬೆಳಿಗ್ಗೆ ಕಡಲಿಗೆ ಮುಖ ಮಾಡಿ ನಿಂತರೆ ಬೆಳಕೂ ಬೆನ್ನಿಗೆ, ಗಾಳಿಯೂ ಬೆನ್ನಿಗೆ. ಮಧ್ಯಾಹ್ನದ ಹೊತ್ತಿಗೆ ನೆಲ ಕಾಯುತ್ತದೆ, ಗಾಳಿ ತಿರುಗುತ್ತದೆ, ಕಡಲಿನಿಂದ ನೆಲಕ್ಕೆ ಬೀಸಲು ಶುರುವಾಗುತ್ತದೆ. ಸೂರ್ಯನೂ ಕಡಲ ಕಡೆ ಹೋಗಿರುತ್ತಾನೆ. ಆಗ ನೀವೂ ತಿರುಗಬೇಕು. ಕಡಲಿಗೆ ಬೆನ್ನು ಮಾಡಿ, ಗಾಳಿಮರಗಳ ಮೇಲೆ, ತೆಂಗಿನ ತೋಟದ ಮೇಲೆ ಸುತ್ತುವ ಹಕ್ಕಿಗಳನ್ನು ನೋಡಬೇಕು. ಅವು ಕಡಲ ಗಾಳಿಗೆ ಮುಖ ಕೊಟ್ಟು ನಿಮ್ಮ ಕಡೆಗೇ ಬರುತ್ತವೆ.

ಕಾರವಾರಕ್ಕೆ ಬಂದು ಸಂಜೆ ಐದು ಗಂಟೆಗೆ ಕಡಲ ಕಡೆ ಕ್ಯಾಮೆರಾ ಹಿಡಿದು ನಿಲ್ಲುವುದೇ ಎಲ್ಲರೂ ಮಾಡುವ ತಪ್ಪು. ಸೂರ್ಯಾಸ್ತಕ್ಕೆ ಅದು ಚಂದ. ಗರುಡನಿಗೆ ಅಲ್ಲ.

ಇನ್ನೊಂದು ವಿಷಯ. ಕಾರವಾರದಲ್ಲಿ ಗುಡ್ಡ ಕಡಲಿಗೆ ತೀರಾ ಹತ್ತಿರ. ಬಿಸಿಲು ಗುಡ್ಡ ದಾಟಿ ನೀರಿನ ಮೇಲೆ ಬೀಳಲು ಸ್ವಲ್ಪ ಹೊತ್ತು ಬೇಕು. ಆರು ಗಂಟೆಗೇ ಓಡಿ ಹೋಗಿ ಬೆಳಕಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಬಿಸಿಲು ಬಿದ್ದ ಮೇಲಿನ ಮೊದಲ ಎರಡು ಗಂಟೆ ನಿಮ್ಮದು. ಹನ್ನೊಂದರ ಮೇಲೆ ಮರಳಿನಿಂದ, ನೀರಿನಿಂದ ಬಿಸಿ ಗಾಳಿ ಏಳುತ್ತದೆ. ದೂರದ ಹಕ್ಕಿ ಆ ಗಾಳಿಯಲ್ಲಿ ನಡುಗಿದ ಹಾಗೆ ಕಾಣುತ್ತದೆ. ಎಷ್ಟೇ ಒಳ್ಳೆ ಲೆನ್ಸ್ ಇದ್ದರೂ ಫೋಟೋ ಮಸುಕೇ. ಆ ಹೊತ್ತಲ್ಲಿ ಮನೆಗೆ ಹೋಗಿ ಊಟ ಮಾಡಿ.

ಜಾಗಗಳು. ಕಾಳಿ ನದಿ ಕಡಲು ಸೇರುವ ಅಳಿವೆ ಒಳ್ಳೆಯದು. ಚಳಿಗಾಲದಲ್ಲಿ ಸೂರ್ಯ ಇಡೀ ದಿನ ದಕ್ಷಿಣಕ್ಕೆ ವಾಲಿರುತ್ತಾನೆ. ಆದ್ದರಿಂದ ನದಿಯ ದಕ್ಷಿಣ ದಡದ ಕೋಡಿಬಾಗದಲ್ಲಿ ನಿಂತು ಸದಾಶಿವಗಡದ ಕಡೆ ನೋಡಿದರೆ ಬೆಳಕು ನಿಮ್ಮ ಹಿಂದೆಯೇ ಇರುತ್ತದೆ. ಹೆದ್ದಾರಿ ಸೇತುವೆಯ ಮೇಲೆ ಮಾತ್ರ ನಿಲ್ಲಬೇಡಿ. ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿದ್ದಿದ್ದು ನೆನಪಿರಬೇಕು. ಹೊಸ ಸೇತುವೆ ಮೇಲೆ ಲಾರಿಗಳ ಓಡಾಟ ಇದೆ, ಕಣ್ಣನ್ನು ಕ್ಯಾಮೆರಾದಲ್ಲಿಟ್ಟು ನಿಲ್ಲುವ ಜಾಗ ಅದಲ್ಲ.

ಇದೇ ಲೆಕ್ಕ ಕುಮಟಾದ ಅಘನಾಶಿನಿಗೂ ಹೊಂದುತ್ತದೆ. ಬೋಟುಗಳು ಬರುವುದು ಉತ್ತರ ದಡದ ತದಡಿಗೆ. ಅಲ್ಲಿ ಗರುಡಗಳು ಜಾಸ್ತಿ, ಆದರೆ ಅಲ್ಲಿಂದ ನದಿ ಕಡೆ ನೋಡಿದರೆ ಚಳಿಗಾಲದ ಸೂರ್ಯ ಕಣ್ಣಿಗೇ ಹೊಡೆಯುತ್ತಾನೆ. ದೋಣಿಯಲ್ಲಿ ದಾಟಿ ಅಘನಾಶಿನಿ ಊರಿನ ದಡಕ್ಕೆ ಹೋಗಿ ನೋಡಿ, ಅದೇ ಹಕ್ಕಿ ಬೇರೆ ಹಕ್ಕಿಯ ಹಾಗೆ ಕಾಣುತ್ತದೆ. ಈ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿ ಸೇರಿದೆ. ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿ ಅದು. ಉಪ್ಪು ನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ, ಕೆಸರು ದಿಬ್ಬ, ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆ ಎಲ್ಲಾ ಒಂದೇ ಕಡೆ ಇವೆ. ಚಳಿಗಾಲದಲ್ಲಿ ಗಜನಿ ಮೇಲೆ ತೀರಾ ಕೆಳಗೆ ತೇಲುತ್ತಾ ಹೋಗುವ ಕಂದು ಹಕ್ಕಿ ಕಂಡರೆ ಅದು ಜೌಗು ಸೆಳೆವ ಇರಬಹುದು. ಹೊನ್ನಾವರದವರಿಗೆ ಶರಾವತಿಯ ದಕ್ಷಿಣ ದಡದ ಕಾಸರಕೋಡ ಇದೆ.

ಉಬ್ಬರ ಇಳಿತದ ಸಮಯ ನೋಡಿಕೊಂಡು ಹೋಗಿ. ಅದು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ನೀರು ಇಳಿಯುವಾಗ ಮೀನು ಆಳವಿಲ್ಲದ ಕಡೆ ಸಿಕ್ಕಿಕೊಳ್ಳುತ್ತವೆ, ಹಕ್ಕಿಗಳು ಅಲ್ಲಿಗೇ ಬರುತ್ತವೆ. ಸಿಕ್ಕ ಕೆಸರಿನಲ್ಲಿ ಇಳಿದು ನಡೆಯಬೇಡಿ. ಮೊಣಕಾಲ ತನಕ ಹೂತುಹೋದರೆ ಕ್ಯಾಮೆರಾ ಹಿಡಿದುಕೊಂಡು ಮೇಲೆ ಬರುವುದು ಕಷ್ಟ.

ತಿಂಗಳು ಯಾವುದು? ಅಕ್ಟೋಬರ್ ಕೊನೆಯಿಂದ ಮಾರ್ಚ್ ತನಕ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುವುದರಿಂದ ದಕ್ಕೆಗಳು ಖಾಲಿ. ಮಳೆಯೂ ಬಿಡುವುದಿಲ್ಲ.

ಶಿರಸಿ ಕಡೆಯವರಿಗೆ: ನಿಮಗೆ ಕಡಲ ಗಾಳಿಯ ಲೆಕ್ಕ ಬೇಡ, ಬಿಸಿಲಿನ ಲೆಕ್ಕ ಬೇಕು. ಹಾವುಗಿಡುಗ ಬೆಳಿಗ್ಗೆ ಮರದಲ್ಲೇ ಕೂತಿರುತ್ತದೆ. ಕಣಿವೆ ಕಾದು ಬಿಸಿ ಗಾಳಿ ಮೇಲೇಳಲು ಶುರುವಾದಾಗ, ಒಂಬತ್ತು ಹತ್ತು ಗಂಟೆ ಹೊತ್ತಿಗೆ, ಅದರ ಮೇಲೆ ಸವಾರಿ ಮಾಡಿ ಸುತ್ತುತ್ತಾ ಏರುತ್ತದೆ. ಕೆಳಗೆ ನಿಂತರೆ ಹೊಟ್ಟೆ ಮಾತ್ರ ಕಾಣುತ್ತದೆ. ದೇವಿಮನೆ ಘಟ್ಟದಂಥ ಎತ್ತರದ ಅಂಚಿನಲ್ಲಿ ನಿಂತರೆ ಅದು ನಿಮ್ಮ ಕಣ್ಣಿನ ಮಟ್ಟದಲ್ಲೇ ದಾಟುತ್ತದೆ. ರಸ್ತೆಯಿಂದ ಪೂರ್ತಿ ಆಚೆ ಗಾಡಿ ನಿಲ್ಲಿಸಿ.

2. ಹಿಂದಿನ ರಾತ್ರಿಯೇ ಕ್ಯಾಮೆರಾ ಹೊಂದಿಸಿ

ದಕ್ಕೆಯಲ್ಲಿ ನಿಂತು ಮೆನು ಹುಡುಕಬೇಡಿ.

ಶಟರ್ ಸ್ಪೀಡ್ ಎಂದರೆ ಕ್ಯಾಮೆರಾದ ಬಾಗಿಲು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು. ಸುಮ್ನೆ ಒಂದು ಲೆಕ್ಕ ಹಾಕಿ. ಹಕ್ಕಿ ಸೆಕೆಂಡಿಗೆ 10 ಮೀಟರ್ ಹೋಗುತ್ತಿದೆ ಎಂದುಕೊಳ್ಳಿ. 1/250 ಸೆಕೆಂಡ್ ಇಟ್ಟರೆ ಬಾಗಿಲು ಮುಚ್ಚುವಷ್ಟರಲ್ಲಿ ಅದು 4 ಸೆಂ.ಮೀ. ಮುಂದೆ ಹೋಗಿರುತ್ತದೆ. ಕಣ್ಣು ಗೀರಿದ ಹಾಗೆ ಕಾಣುತ್ತದೆ. 1/2000 ಇಟ್ಟರೆ ಅರ್ಧ ಸೆಂ.ಮೀ. ಮಾತ್ರ. ನೀವೂ ಹಕ್ಕಿಯ ಜೊತೆ ಕ್ಯಾಮೆರಾ ತಿರುಗಿಸುವುದರಿಂದ ಅದೂ ಸರಿಹೋಗುತ್ತದೆ. ಹಾಗಾಗಿ 1/2000ದಿಂದ ಶುರು ಮಾಡಿ. ಸುಮ್ಮನೆ ತೇಲುವ ಹಕ್ಕಿಗೆ 1/1000 ಸಾಕು. ಮೀನಿಗೆ ಎರಗುವ ಗರುಡನಿಗೆ 1/2500 ಇದ್ದರೆ ಇನ್ನೂ ಒಳ್ಳೆಯದು.

ಅಪರ್ಚರ್ ಎಂದರೆ ಲೆನ್ಸಿನ ಕಿಂಡಿಯ ಅಗಲ. ಎಫ್ 5.6 ಇಲ್ಲವೇ 6.3 ಇಡಿ. ಐಎಸ್‌ಒ ಎಂದರೆ ಬಂದ ಬೆಳಕನ್ನು ಕ್ಯಾಮೆರಾ ಎಷ್ಟು ಹೆಚ್ಚಿಸಿಕೊಳ್ಳುತ್ತದೆ ಎಂಬುದು. ಅದನ್ನು ಆಟೋಗೆ ಬಿಟ್ಟು, ಗರಿಷ್ಠ ಮಿತಿ 3200 ಎಂದು ಕೊಡಿ. ಚುಕ್ಕೆ ಚುಕ್ಕೆ ಬರುತ್ತದೆ ಎಂದು ಹೆದರಿ ಐಎಸ್‌ಒ 100ಕ್ಕೆ ಕಟ್ಟಿಹಾಕುವವರು ತುಂಬಾ ಜನ. ಚುಕ್ಕೆ ಇರುವ ಸ್ಪಷ್ಟ ಫೋಟೋವನ್ನು ಆಮೇಲೆ ಸರಿಮಾಡಬಹುದು. ಅಲುಗಿದ ಫೋಟೋಕ್ಕೆ ಔಷಧಿ ಇಲ್ಲ.

ಶಟರ್ ಸ್ಪೀಡ್, ಅಪರ್ಚರ್ ಎರಡನ್ನೂ ನೀವೇ ಇಡುವ ಮ್ಯಾನುಯಲ್ ಮೋಡ್ ಮತ್ತು ಆಟೋ ಐಎಸ್‌ಒ, ಇದು ಕಲಿಯುವವರಿಗೆ ಒಳ್ಳೆ ಜೋಡಿ. ಕೆಲವು ಹಳೆ ಮಾಡೆಲ್‌ಗಳಲ್ಲಿ ಹೀಗೆ ಇಟ್ಟರೆ ಮುಂದೆ ಹೇಳುವ ಬೆಳಕಿನ ಹೊಂದಾಣಿಕೆ ಕೆಲಸ ಮಾಡುವುದಿಲ್ಲ. ಅಂಥವರು ಶಟರ್ ಸ್ಪೀಡ್ ನೀವು ಇಟ್ಟು ಅಪರ್ಚರನ್ನು ಕ್ಯಾಮೆರಾಕ್ಕೆ ಬಿಡುವ ಶಟರ್ ಪ್ರಯಾರಿಟಿ ಬಳಸಿ. ಡಯಲ್ ಮೇಲೆ ಎಸ್ ಅಥವಾ ಟಿವಿ ಎಂದಿರುತ್ತದೆ.

ಫೋಕಸ್ ಅನ್ನು ನಿರಂತರ ಮೋಡಿಗೆ ಹಾಕಿ. ನಿಕಾನ್, ಸೋನಿಯಲ್ಲಿ ಎಎಫ್-ಸಿ. ಕ್ಯಾನನ್‌ನಲ್ಲಿ ಎಐ ಸರ್ವೋ, ಹೊಸ ಮಾಡೆಲ್‌ಗಳಲ್ಲಿ ಬರೀ ಸರ್ವೋ. ಬಟನ್ ಅರ್ಧ ಒತ್ತಿ ಹಿಡಿದಷ್ಟು ಹೊತ್ತೂ ಕ್ಯಾಮೆರಾ ಹಕ್ಕಿಯ ಹಿಂದೆ ಫೋಕಸ್ ಬದಲಾಯಿಸುತ್ತಾ ಹೋಗುತ್ತದೆ. ಬರಿಯ ಆಕಾಶ ಹಿನ್ನೆಲೆಯಾದರೆ ಹಲವು ಫೋಕಸ್ ಬಿಂದುಗಳ ಗುಂಪನ್ನು ಆರಿಸಿ. ಹಿಂದೆ ಗುಡ್ಡವೋ ಕಾಂಡ್ಲಾವೋ ಇದ್ದರೆ ಮಧ್ಯದ ಚಿಕ್ಕ ಗುಂಪು ಸಾಕು. ಇಲ್ಲವಾದರೆ ಫೋಕಸ್ ಹಕ್ಕಿಯನ್ನು ಬಿಟ್ಟು ಎಲೆ ಹಿಡಿಯುತ್ತದೆ. ಹೊಸ ಮಿರರ್‌ಲೆಸ್ ಕ್ಯಾಮೆರಾದಲ್ಲಿ ಹಕ್ಕಿಯ ಕಣ್ಣನ್ನು ತಾನೇ ಗುರುತಿಸುವ ಸೌಲಭ್ಯ ಇದ್ದರೆ ಆನ್ ಮಾಡಿ.

ಲೆನ್ಸಿನ ಬದಿಯಲ್ಲಿ ದೂರದ ಮಿತಿಯ ಸ್ವಿಚ್ ಇದೆಯೇ ನೋಡಿ. ಇದ್ದರೆ ಹತ್ತಿರದ ದೂರಗಳನ್ನು ಬಿಟ್ಟುಬಿಡುವ ಕಡೆಗೆ ತಳ್ಳಿ. ಫೋಕಸ್ ಹಿಂದೆ ಮುಂದೆ ತಡಕಾಡುವುದು ಕಡಿಮೆಯಾಗುತ್ತದೆ. ಫೋಕಸ್ ಗುಂಡಿಯನ್ನು ಹಿಂಬದಿಗೆ ಬದಲಾಯಿಸಿಕೊಳ್ಳುವ ಬ್ಯಾಕ್ ಬಟನ್ ಫೋಕಸ್ ಬಗ್ಗೆ ನೀವು ಕೇಳಿರಬಹುದು. ಒಳ್ಳೆಯ ಅಭ್ಯಾಸ, ಆದರೆ ಮೊದಲ ತಿಂಗಳು ಅದರ ಗೋಜಿಗೆ ಹೋಗಬೇಡಿ. ಒಂದೇ ಸಲ ಎರಡು ಹೊಸದನ್ನು ಕೈ ಕಲಿಯುವುದಿಲ್ಲ.

ಬರ್ಸ್ಟ್ ಆನ್ ಇರಲಿ. ಬಟನ್ ಒತ್ತಿ ಹಿಡಿದರೆ ಸಾಲಾಗಿ ಫೋಟೋ ಬರುವ ವ್ಯವಸ್ಥೆ ಇದು.

3. ಗರುಡನ ಬಿಳಿ ತಲೆಯನ್ನು ಉಳಿಸಿಕೊಳ್ಳಿ

ಕ್ಯಾಮೆರಾಕ್ಕೆ ಎದುರಿಗಿರುವುದು ಹಕ್ಕಿ ಎಂದು ಗೊತ್ತಿಲ್ಲ. ಇಡೀ ಚಿತ್ರ ಮಧ್ಯಮ ಬೂದು ಬೆಳಕಿನಲ್ಲಿ ಇರಲಿ ಎಂದು ಅದು ನೋಡುತ್ತದೆ. ಬಿಳುಚಿದ ಆಕಾಶ ತುಂಬಿದ್ದರೆ "ಬೆಳಕು ಜಾಸ್ತಿಯಾಯಿತು" ಎಂದು ಎಲ್ಲವನ್ನೂ ಕಪ್ಪು ಮಾಡುತ್ತದೆ. ಹಕ್ಕಿ ಕಪ್ಪಾಗುವುದು ಹೀಗೆ. ಇದನ್ನು ಸರಿಮಾಡಲು ಇರುವುದೇ ಎಕ್ಸ್‌ಪೋಷರ್ ಕಾಂಪೆನ್ಸೇಷನ್. ಪ್ಲಸ್ ಮೈನಸ್ ಗುರುತಿನ ಗುಂಡಿ ಅದು. ಆಕಾಶ ಹಿನ್ನೆಲೆಯಾದರೆ ಪ್ಲಸ್ 1ರಿಂದ ಶುರು ಮಾಡಿ.

ಗರುಡನಲ್ಲಿ ಒಂದು ಕಷ್ಟ ಇದೆ. ತಲೆ ಅಚ್ಚ ಬಿಳಿ, ರೆಕ್ಕೆ ಗಾಢ ಕೆಂಪು. ಅದು ಆಕಾಶದಿಂದ ಇಳಿದು ಕಪ್ಪು ನೀರಿನ ಮೇಲೆ, ಹಸಿರು ಗುಡ್ಡದ ಮುಂದೆ ಬಂದ ಕೂಡಲೇ ಲೆಕ್ಕ ಉಲ್ಟಾ. ಈಗ ಕ್ಯಾಮೆರಾ ಎಲ್ಲವನ್ನೂ ಬೆಳಗಿಸಲು ನೋಡುತ್ತದೆ. ತಲೆ ಸುಣ್ಣ ಬಳಿದ ಹಾಗೆ ಆಗಿ, ಗರಿಯ ಗೆರೆಗಳೆಲ್ಲ ಹೋಗುತ್ತವೆ. ಹಾಗೆ ಹೋದ ಗೆರೆ ಮತ್ತೆ ಬರುವುದಿಲ್ಲ. ಆದ್ದರಿಂದ ಗುಡ್ಡ, ನೀರು ಹಿನ್ನೆಲೆಯಾದರೆ ಮೈನಸ್ ಅರ್ಧದಿಂದ ಮೈನಸ್ 1ರ ತನಕ ಇಳಿಸಿ. ಕ್ಯಾಮೆರಾದಲ್ಲಿ ಹೈಲೈಟ್ ಅಲರ್ಟ್ ಇದ್ದರೆ ಹಾಕಿಕೊಳ್ಳಿ. ಬೆಳಕು ಮೀರಿದ ಜಾಗ ಪರದೆಯ ಮೇಲೆ ಮಿಣಕ್ ಮಿಣಕ್ ಎನ್ನುತ್ತದೆ. ತಲೆ ಮಿಣುಕಿದರೆ ಇನ್ನೂ ಇಳಿಸಿ.

ನಾನಾಗಿದ್ದರೆ ಶುರುವಿನಲ್ಲಿ ಒಂದು ಹಿನ್ನೆಲೆಯನ್ನು ಮಾತ್ರ ಆರಿಸಿಕೊಳ್ಳುತ್ತೇನೆ. ಇವತ್ತು ಗುಡ್ಡದ ಮುಂದೆ ಬಂದ ಹಕ್ಕಿ ಮಾತ್ರ. ಆಕಾಶಕ್ಕೆ ಹೋದರೆ ಬಿಟ್ಟುಬಿಡುತ್ತೇನೆ. ಅರ್ಧ ಗೊಂದಲ ಅಲ್ಲಿಗೇ ಹೋಗುತ್ತದೆ. ಹಸಿರು ಹಿನ್ನೆಲೆಯ ಗರುಡ ಖಾಲಿ ಆಕಾಶದ ಗರುಡನಿಗಿಂತ ಚಂದ ಕೂಡ.

ಸಾಧ್ಯವಾದರೆ ರಾ ಫೈಲಿನಲ್ಲಿ ತೆಗೆಯಿರಿ. ಕ್ಯಾಮೆರಾ ಕಂಡ ಬೆಳಕಿನ ಮಾಹಿತಿಯನ್ನೆಲ್ಲ ಹಾಗೇ ಇಟ್ಟುಕೊಳ್ಳುವ ಫೈಲ್ ಅದು. ಆಮೇಲೆ ತಿದ್ದಲು ಜಾಗ ಇರುತ್ತದೆ.

4. ಕೈ ಪಳಗಿಸಿ, ಬೆಳ್ಳಕ್ಕಿಯಿಂದ ಶುರು ಮಾಡಿ

ಮೊದಲ ದಿನವೇ ಕಡಲ ಹದ್ದಿನ ಹಿಂದೆ ಓಡಬೇಡಿ. ಬೆಳ್ಳಕ್ಕಿ ನಿಧಾನವಾಗಿ, ನೇರವಾಗಿ ಹಾರುತ್ತದೆ. ಗದ್ದೆಯ ಬದುವಿನಲ್ಲಿ ನಿಂತು ಅದರ ಮೇಲೆ ಎರಡು ದಿನ ಅಭ್ಯಾಸ ಮಾಡಿ. ಆಮೇಲೆ ಗಲ್ ಎನ್ನುವ ಬಿಳಿ ಕಡಲಹಕ್ಕಿಗಳು. ಆಮೇಲೆ ಗರುಡ.

ನಿಲ್ಲುವ ರೀತಿ ಹೀಗಿರಲಿ. ಎಡಗೈ ಲೆನ್ಸಿನ ಅಡಿಯಲ್ಲಿ, ಮೊಣಕೈಗಳು ಪಕ್ಕೆಗೆ ಒತ್ತಿಕೊಂಡು. ಹಕ್ಕಿ ಎಲ್ಲಿ ಬಂದಾಗ ಕ್ಲಿಕ್ ಮಾಡಬೇಕೋ ಆ ಕಡೆಗೆ ಪಾದ ಇಡಿ. ಸೊಂಟದಿಂದ ಮೇಲಿನ ಭಾಗವನ್ನು ಮಾತ್ರ ತಿರುಗಿಸಿ ಬರುವ ಹಕ್ಕಿಯನ್ನು ಹಿಡಿಯಿರಿ. ಹಕ್ಕಿ ಬರುತ್ತಾ ಬರುತ್ತಾ ನಿಮ್ಮ ಮೈ ಬಿಡಿಸಿಕೊಳ್ಳುತ್ತಾ ಹೋಗುತ್ತದೆ, ಕ್ಲಿಕ್ ಮಾಡುವಾಗ ನೇರ ನಿಂತಿರುತ್ತೀರಿ. ಪಾದವನ್ನು ಹಕ್ಕಿ ಬರುವ ಕಡೆಗೆ ಇಟ್ಟವರ ಸೊಂಟ, ಮುಖ್ಯ ಕ್ಷಣ ಬರುವ ಹೊತ್ತಿಗೆ, ಇನ್ನು ತಿರುಗಲಾರದಷ್ಟು ತಿರುಚಿಕೊಂಡಿರುತ್ತದೆ.

ಹಕ್ಕಿ ಫ್ರೇಮಿಗೆ ಸಿಗುವುದೇ ಇಲ್ಲ ಎನ್ನುವವರಿಗೆ: ನೀವು ಜೂಮನ್ನು ಪೂರ್ತಿ ಎಳೆದುಕೊಂಡು ಹುಡುಕುತ್ತಿದ್ದೀರಿ. 200ರ ಹತ್ತಿರ ಇಟ್ಟು ಹಕ್ಕಿಯನ್ನು ಹಿಡಿದು, ಆಮೇಲೆ ಎಳೆಯಿರಿ. ಹಕ್ಕಿಯ ಮೇಲಿಂದ ಕಣ್ಣು ತೆಗೆಯದೆ ಕ್ಯಾಮೆರಾವನ್ನು ಕಣ್ಣಿಗೆ ತನ್ನಿ. ಕ್ಯಾಮೆರಾ ನೋಡಲು ಕಣ್ಣು ಇಳಿಸಿದರೆ ಹಕ್ಕಿ ಕಳೆದುಹೋಯಿತು. ಅದಕ್ಕೂ ಮೊದಲು, ಹಕ್ಕಿ ಬರುವಷ್ಟೇ ದೂರದ ಒಂದು ದೋಣಿಗೋ ಕಂಬಕ್ಕೋ ಫೋಕಸ್ ಮಾಡಿಟ್ಟುಕೊಳ್ಳಿ.

ಕ್ಲಿಕ್ ಮಾಡಿದ ಮೇಲೂ ಕ್ಯಾಮೆರಾ ತಿರುಗಿಸುವುದನ್ನು ನಿಲ್ಲಿಸಬೇಡಿ. ಬಟನ್ ಒತ್ತಿದ ಕೂಡಲೇ ಕೈ ನಿಂತರೆ ಮೊದಲ ಫೋಟೋವೇ ಅಲುಗುತ್ತದೆ.

5. ಕ್ಷಣವನ್ನು ಮೊದಲೇ ಓದಿ

ಕೂತ ಗರುಡ ಹಾರುವ ಮೊದಲು ಸುಳಿವು ಕೊಡುತ್ತದೆ. ಮೈ ಮುಂದಕ್ಕೆ ಬಾಗುತ್ತದೆ, ಕಾಲು ಮಡಿಯುತ್ತದೆ, ಎಷ್ಟೋ ಸಲ ಹಿಕ್ಕೆ ಹಾಕಿ ಹಗುರಾಗುತ್ತದೆ. ಹಿಕ್ಕೆ ಕಂಡ ಕೂಡಲೇ ಕ್ಯಾಮೆರಾ ಕಣ್ಣಿಗೆ ಬರಬೇಕು. ಗಾಳಿ ಯಾವ ಕಡೆಯಿಂದ ಎಂದು ಗೊತ್ತಿದ್ದರೆ ಅದು ಯಾವ ಕಡೆಗೆ ಹಾರುತ್ತದೆ ಎಂದೂ ಗೊತ್ತಿರುತ್ತದೆ. ಫ್ರೇಮಿನಲ್ಲಿ ಆ ಕಡೆ ಜಾಗ ಬಿಡಿ.

ಸುತ್ತುವ ಹಕ್ಕಿ ತಿರುಗುವಾಗ ಒಂದು ರೆಕ್ಕೆ ಕೆಳಗೆ ಮಾಡಿ ವಾಲುತ್ತದೆ. ಆಗ ಬೆನ್ನಿನ ಬಣ್ಣ, ಕಣ್ಣು, ರೆಕ್ಕೆಯ ಪೂರ್ತಿ ಅಗಲ ಒಟ್ಟಿಗೆ ಬೆಳಕಿಗೆ ಬೀಳುತ್ತವೆ. ನೇರ ತಲೆ ಮೇಲೆ ಬಂದಾಗ ತೆಗೆದ ಹತ್ತು ಫೋಟೋಗಿಂತ ಹೀಗೆ ವಾಲಿದಾಗಿನ ಒಂದು ಮೇಲು. ಸುತ್ತು ಒಂದೇ ಅಳತೆಯಲ್ಲಿ ಇರುವುದರಿಂದ ಎರಡು ಸುತ್ತು ಸುಮ್ಮನೆ ನೋಡಿ, ಮೂರನೆಯದಕ್ಕೆ ಕಾಯಿರಿ.

ದಕ್ಕೆಯಲ್ಲಿ ಬೋಟಿನವರನ್ನು ನೋಡುತ್ತಿರಿ. ಬಲೆ ಕೊಡವುವಾಗ ಚಿಕ್ಕ ಮೀನು ನೀರಿಗೆ ಬೀಳುತ್ತವೆ. ರಂಪಣಿ ಬಲೆ ದಡಕ್ಕೆ ಎಳೆಯುವಾಗಲೂ ಹಾಗೇ. ಗರುಡ ಮೇಲಿಂದ ರೆಕ್ಕೆ ಮಡಿಸಿ ಇಳಿಯುತ್ತದೆ, ನೀರಿನ ಹತ್ತಿರ ಕಾಲು ಮುಂದೆ ಚಾಚುತ್ತದೆ, ತಾರ್ಲೆಯನ್ನೋ ಬಂಗಡೆಯನ್ನೋ ಎತ್ತುತ್ತದೆ. ಇಳಿಯಲು ಶುರುವಾದಾಗಲೇ ಫೋಕಸ್ ಹಿಡಿಯಿರಿ, ಕಾಲು ಚಾಚಿದಾಗ ಬಟನ್ ಒತ್ತಿ. ಮೂರು ನಾಲ್ಕು ಫೋಟೋಗಳ ಚಿಕ್ಕ ಚಿಕ್ಕ ಬರ್ಸ್ಟ್ ಸಾಕು. ಮೊದಲಿನಿಂದಲೇ ಒತ್ತಿ ಹಿಡಿದರೆ ಕ್ಯಾಮೆರಾದ ತಾತ್ಕಾಲಿಕ ನೆನಪು ತುಂಬಿ, ಮೀನು ಎತ್ತುವ ಕ್ಷಣಕ್ಕೇ ಅದು ನಿಂತುಬಿಡುತ್ತದೆ.

"ಅಣ್ಣಾ, ಬೋಟ್ ಎಷ್ಟು ಗಂಟೆಗೆ ಬರುತ್ತದೆ, ಇಲ್ಲಿ ನಿಲ್ಲಬಹುದಾ?" ಎಂದು ಮೊದಲೇ ಕೇಳಿ. ಮೀನು ಆರಿಸುವ ಅಕ್ಕಂದಿರ ದಾರಿಗೆ ಅಡ್ಡ ನಿಲ್ಲಬೇಡಿ, ಅವರ ಮುಖದ ಫೋಟೋ ಕೇಳದೆ ತೆಗೆಯಬೇಡಿ. ಅದು ಅವರ ದುಡಿಮೆಯ ಜಾಗ. ಗಾಳಿ, ನೀರು, ಹಕ್ಕಿ ಯಾವಾಗ ಎಲ್ಲಿ ಬರುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ.

6. ಇವನ್ನು ಮಾಡಲೇಬೇಡಿ

ಕಾರವಾರದ ದಕ್ಷಿಣಕ್ಕೆ ಅರ್ಗಾ ಕಡೆ ನೌಕಾನೆಲೆ ಇದೆ. ಅದರ ಕಡೆಗೆ ದೊಡ್ಡ ಲೆನ್ಸ್ ತಿರುಗಿಸಬೇಡಿ, ಹಕ್ಕಿ ಅಲ್ಲೇ ಹಾರುತ್ತಿದ್ದರೂ ಸರಿ. ಕೈಗಾ ಅಣು ವಿದ್ಯುತ್ ಸ್ಥಾವರದ ಸುತ್ತಲೂ ಅಷ್ಟೇ. ಕಾರವಾರದ ಬೈತಕೋಲದಲ್ಲಿ ಮೀನುಗಾರಿಕೆ ದಕ್ಕೆ ಬೇರೆ, ವಾಣಿಜ್ಯ ಬಂದರು ಬೇರೆ. ಬಂದರಿನೊಳಗೆ ಅನುಮತಿ ಇಲ್ಲದೆ ಹೋಗಬೇಡಿ. ಗುರುತಿನ ಚೀಟಿ ಜೊತೆಗಿರಲಿ. ಪೊಲೀಸರು ಕೇಳಿದರೆ ತೆಗೆದ ಫೋಟೋ ತೋರಿಸಿ ಸಮಾಧಾನವಾಗಿ ಮಾತಾಡಿ. ಡ್ರೋನ್ ಬೇಡವೇ ಬೇಡ. ಬೇಟೆ ಹಕ್ಕಿಗಳು ಅದರ ಮೇಲೆ ಎರಗಿ ರೆಕ್ಕೆ ಕಡಿದುಕೊಳ್ಳುತ್ತವೆ.

ಗೂಡಿನ ಹತ್ತಿರ ಹೋಗಬೇಡಿ. ಕಡಲ ಹದ್ದು ಎತ್ತರದ ಮರದಲ್ಲಿ ದೊಡ್ಡ ಕಡ್ಡಿಗಳ ಗೂಡು ಕಟ್ಟುತ್ತದೆ. ಫೋಟೋಕ್ಕೆ ಒಳ್ಳೆಯದಾದ ಚಳಿಗಾಲವೇ ಅದು ಮರಿ ಮಾಡುವ ಕಾಲ ಕೂಡ. ನೀವು ಕೆಳಗೆ ನಿಂತರೆ ತಾಯಿ ಗೂಡು ಬಿಟ್ಟು ಮೇಲೇಳುತ್ತದೆ. ಮೊಟ್ಟೆ ಬಿಸಿಲಿಗೆ ಬೀಳುತ್ತದೆ, ಕಾಗೆ ಕಾದು ಕೂತಿರುತ್ತದೆ. ಹಕ್ಕಿ ಕೂಗುತ್ತಾ ನಿಮ್ಮ ಮೇಲೇ ಸುತ್ತುತ್ತಿದ್ದರೆ ಕ್ಯಾಮೆರಾ ಇಳಿಸಿ ವಾಪಸ್ ಬನ್ನಿ. ಗೂಡಿನ ಜಾಗವನ್ನು ಯಾರಿಗೂ ಹೇಳಬೇಡಿ. ಫೋಟೋ ಹಂಚುವಾಗ ತಾಲೂಕಿನ ಹೆಸರು ಸಾಕು. ಈ ಹಕ್ಕಿಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕಾಯ್ದೆ ಇಲ್ಲದಿದ್ದರೂ ನಾವು ಇಷ್ಟು ಮಾಡಬೇಕು.

ಕೋಳಿ ಕರುಳು, ಮೀನಿನ ತಲೆ ಎಸೆದು ಗರುಡನನ್ನು ಕರೆಯಬೇಡಿ. ಒಮ್ಮೆ ಒಂದು ಅಳಿವೆಯಲ್ಲಿ ಹೀಗೆ ಎಸೆಯುವುದನ್ನು ಕಂಡೆ. ಒಂದೇ ತುಂಡಿಗೆ ನಾಲ್ಕು ಗರುಡ ಎರಗಿ, ಎರಡು ಗಾಳಿಯಲ್ಲೇ ಡಿಕ್ಕಿ ಹೊಡೆದವು. ಒಂದು ರೆಕ್ಕೆ ಎಳೆದುಕೊಂಡು ದಡ ಸೇರಿತು. ಆ ದಿನದ ಫೋಟೋ ಒಂದನ್ನೂ ನಾನು ಇಟ್ಟುಕೊಂಡಿಲ್ಲ. ಬೋಟಿನವರ ಬಲೆಯಿಂದ ತಾನಾಗಿ ಬಿದ್ದ ಮೀನಿಗೆ ಅವು ಬರುವುದು ಬೇರೆ ಮಾತು. ಅದಕ್ಕೆ ಕಾದರೆ ಸಾಕು.

7. ಮನೆಗೆ ಬಂದ ಮೇಲೆ

ಮೊದಲು ಕ್ಯಾಮೆರಾ, ಆಮೇಲೆ ಫೋಟೋ. ಕಡಲ ಗಾಳಿಯ ಉಪ್ಪು ಕಣ್ಣಿಗೆ ಕಾಣದ ಹಾಗೆ ಅಂಟಿರುತ್ತದೆ. ಶುದ್ಧ ನೀರಿನಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿ, ಒಣ ಬಟ್ಟೆಯಿಂದ ಇನ್ನೊಮ್ಮೆ. ಲೆನ್ಸಿನ ಗಾಜಿನ ಮೇಲೆ ಮರಳು ಇದ್ದರೆ ಗಾಳಿ ಊದುವ ರಬ್ಬರ್ ಉಂಡೆಯಿಂದ ಹಾರಿಸಿದ ಮೇಲೆಯೇ ಒರೆಸಿ. ಬೀಚಿನಲ್ಲಿ ಲೆನ್ಸ್ ಬಿಚ್ಚಬೇಡಿ. ಏಸಿ ಕೋಣೆಯಿಂದ ಸೆಕೆಗೆ ತಂದ ಕೂಡಲೇ ಗಾಜು ಮಂಜಾಗುತ್ತದೆ, ಒರೆಸಿದಷ್ಟೂ ಮತ್ತೆ ಬರುತ್ತದೆ. ಹೊರಡುವ ಅರ್ಧ ಗಂಟೆ ಮೊದಲೇ ಚೀಲವನ್ನು ಮುಚ್ಚಿದ ಹಾಗೇ ಹೊರಗಿಡಿ.

ಮಳೆಗಾಲದಲ್ಲಿ ಕರಾ­ವಳಿಯಲ್ಲೂ ಶಿರಸಿ ಕಡೆಯೂ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಸಿಲಿಕಾ ಜೆಲ್ ಪೊಟ್ಟಣ. ಇಷ್ಟಕ್ಕೆ ಹೆಚ್ಚು ಖರ್ಚಿಲ್ಲ. ಒಣಗಲಿ ಎಂದು ಒಲೆಯ ಹತ್ತಿರ ಇಡಬೇಡಿ.

ಫೋಟೋ ಆರಿಸುವಾಗ ಪರದೆಯಲ್ಲಿ ಪೂರ್ತಿ ದೊಡ್ಡದು ಮಾಡಿ ಕಣ್ಣನ್ನು ಮಾತ್ರ ನೋಡಿ. ಕಣ್ಣು ಸ್ಪಷ್ಟ ಇಲ್ಲದ ಫೋಟೋವನ್ನು ರೆಕ್ಕೆ ಎಷ್ಟು ಚಂದ ಇದ್ದರೂ ಅಳಿಸಿ. ನೂರರಲ್ಲಿ ನಾಲ್ಕು ಉಳಿದರೆ ಬೇಸರ ಬೇಡ, ಶುರುವಿನಲ್ಲಿ ಹಾಗೇ. 24 ಮೆಗಾಪಿಕ್ಸೆಲ್ ಫೋಟೋ 6000 ಚುಕ್ಕೆ ಅಗಲ, 4000 ಚುಕ್ಕೆ ಎತ್ತರ ಇರುತ್ತದೆ. ಎರಡನ್ನೂ ಅರ್ಧಕ್ಕೆ ಕತ್ತರಿಸಿದರೂ 3000 ಮತ್ತು 2000 ಉಳಿಯುತ್ತದೆ. ಮೊಬೈಲಿನಲ್ಲಿ ನೋಡಲು, ಚಿಕ್ಕ ಪ್ರಿಂಟ್ ಹಾಕಲು ಧಾರಾಳ ಸಾಕು. ಕತ್ತರಿಸುವಾಗ ಹಕ್ಕಿಯ ಮುಂದೆ ಜಾಗ ಜಾಸ್ತಿ, ಹಿಂದೆ ಕಡಿಮೆ ಬಿಡಿ.

ಕೊನೆಗೆ ಒಂದು ಚಿಕ್ಕ ಪುಸ್ತಕದಲ್ಲಿ ಆ ದಿನದ ಲೆಕ್ಕ ಬರೆದಿಡಿ. ತಾರೀಕು, ಜಾಗ, ಬಿಸಿಲು ಬಿದ್ದ ಹೊತ್ತು, ಗಾಳಿ ತಿರುಗಿದ ಹೊತ್ತು, ನೀರು ಏರಿತ್ತೋ ಇಳಿದಿತ್ತೋ, ಬೋಟು ಎಷ್ಟಕ್ಕೆ ಬಂತು, ಗರುಡ ಯಾವ ಕಂಬದ ಮೇಲೆ ಕೂತಿತ್ತು. ಹತ್ತು ಸಲ ಬರೆದ ಮೇಲೆ ಆ ಹಾಳೆಗಳನ್ನು ಒಟ್ಟಿಗೆ ಓದಿ. ಹನ್ನೊಂದನೇ ಸಲ ಯಾವ ದಿನ, ಎಷ್ಟು ಗಂಟೆಗೆ, ಯಾವ ಕಂಬದ ಎದುರು ನಿಲ್ಲಬೇಕು ಎಂದು ನಿಮಗೇ ಗೊತ್ತಿರುತ್ತದೆ.